ಏಳನೇ ನಂಬರಿನ ಸುಳ್ಳು

ಹೊಸ ಮನೆ, ಮೂರನೇ ಮಹಡಿ
ಭಾನುವಾರ, ಹದಿನಾಲ್ಕನೇ ತಾರೀಕು

ನನ್ನ ಮುದ್ದು ಅಕ್ಕಾ,

ಹೇಗಿದ್ದೀ? ನರರೋಗದ ವಾರ್ಡಿನಲ್ಲಿ ದಿನವಿಡೀ ನಿಂತು ನಿಂತು ಕಾಲುನೋವು ಹೆಚ್ಚಾಗಿಲ್ಲ ತಾನೆ? ಭಾವನ ಕೆಮ್ಮು ಬಿಟ್ಟಿತೇ? ನಾನಂತೂ ಇಲ್ಲಿ ಮಹಾರಾಣಿ! ಮದುವೆಯಾಗಿ ಎಪ್ಪತ್ತೊಂದು ದಿನ. ಇನ್ನೂ ಎಣಿಸುತ್ತಿದ್ದೇನೆ, ನಗಬೇಡ. ನನ್ನ ಕಾಗುಣಿತಕ್ಕೂ ನಗಬೇಡ, ಅದೆಲ್ಲ ಇಂಗ್ಲಿಷ್ ಶಾಲೆಯ ಕೃಪೆ.

ನಿನ್ನೆ ಬೆಳಿಗ್ಗೆಯೆಲ್ಲ ಗಾಲ್ಫ್ ಅಂಗಡಿಯಲ್ಲಿದ್ದೆವು. ಇವರಿಗೆ ಹೊಸ ಐರನ್ ಸೆಟ್ ಬೇಕಿತ್ತು. ಇಸ್ತ್ರಿಪೆಟ್ಟಿಗೆ ಅಲ್ಲ ಕಣೇ, ಲೋಹದ ತಲೆಯ ಗಾಲ್ಫ್ ಕೋಲುಗಳು! ಇವರು ಮೊದಲ ಸಲ ನಮ್ಮ ಮನೆಗೆ ಬಂದಾಗ "ನನ್ನ ಹ್ಯಾಂಡಿಕ್ಯಾಪ್ ಹದಿನೈದು" ಅಂದದ್ದು ನೆನಪಿದೆಯಾ? ಅಜ್ಜಿಗೆ 'ಹ್ಯಾಂಡ್' ಅನ್ನುವುದಷ್ಟೇ ಕೇಳಿಸಿ, "ಅಯ್ಯೋ, ಯಾವ ಕೈ?" ಅಂತ ಗಾಬರಿಯಾದಳಲ್ಲ! ನಾವಿಬ್ಬರೂ ಅಡುಗೆಮನೆಗೆ ಓಡಿ, ಬಾಯಿಗೆ ಟವೆಲ್ ತುರುಕಿಕೊಂಡು ನಕ್ಕೆವು. ಇವರದು ಮಧ್ಯಮ ಆಟ, ನಿಗದಿಗಿಂತ ಹದಿನೈದು ಹೊಡೆತ ಹೆಚ್ಚು ಬೇಕು, ಅಷ್ಟೇ ಅದರ ಅರ್ಥ ಎಂದು ಅಜ್ಜಿಗೆ ತಿಳಿಸುವಷ್ಟರಲ್ಲಿ ಸಾಕುಸಾಕಾಯಿತು.

ಈಚೆಗೆ ಇವರ ಚೆಂಡು ದೂರ ಹೋಗುತ್ತಿಲ್ಲ. ಏಳನೇ ನಂಬರಿನ ಕೋಲಿನಲ್ಲಿ ನೂರನಲವತ್ತು ಗಜ ಹೊಡೆಯುತ್ತಿದ್ದವರು ಈಗ ನೂರಹದಿನೈದು ದಾಟುವುದಿಲ್ಲ. ಅಂಗಡಿಯವನು ಎರಡು ಸೆಟ್ ಇಟ್ಟ. ಮೊದಲನೆಯದರಲ್ಲಿ ನಾವು ಹೊಡೆದಷ್ಟೇ ದೂರ. ಆದರೆ ಚೆಂಡು ಬಿದ್ದಲ್ಲೇ ಮೆತ್ತಗೆ ನಿಲ್ಲುತ್ತದೆ. ಎರಡನೆಯದು ದೂರಕ್ಕೆಂದೇ ಮಾಡಿದ್ದು: ತಲೆಯ ಅಡಿಭಾಗ ದಪ್ಪ, ಒಳಗೆ ಟೊಳ್ಳು, ಮೇಲೆ ಏಳು ಎಂದಿದ್ದರೂ ಮುಖದ ಓರೆ ಹಳೆಯ ಆರರದ್ದು. ನಂಬರು ಕಡಿಮೆಯಾದಷ್ಟೂ ಚೆಂಡು ದೂರ ಹೋಗುತ್ತದಂತೆ; ಇದು ಹೆಸರಿಗೆ ಏಳು, ಕೆಲಸ ಆರರದ್ದು! ಅದರಲ್ಲಿ ಹೊಡೆದಾಗ ಅಂಗಡಿಯ ದೂರ ಅಳೆಯುವ ಪರದೆಯ ಮೇಲೆ ನೂರನಲವತ್ತೆರಡು ಬಂತು. ನಾನು ಎಲ್ಲರೆದುರಿಗೇ ಚಪ್ಪಾಳೆ ಹೊಡೆದೆ. "ನೋಡಿದ್ಯೇನೇ, ನನಗೇನೂ ಆಗಿಲ್ಲ" ಅಂದರು. ಅಂಗಡಿಯವನು ಮಾತ್ರ ಇವರ ಎಡಗೈಯ ಗ್ಲೌಸನ್ನೇ ನೋಡುತ್ತಿದ್ದ. "ಸಾರ್, ಇದು ನಾನೇ ಅಳತೆ ನೋಡಿ ಕೊಟ್ಟಿದ್ದು. ಹೆಬ್ಬೆರಳಿನ ಹತ್ರ ಯಾಕಿಷ್ಟು ಸಡಿಲ?" ಎಂದ. "ಬೆವರಿಗೆ ಹಿಗ್ಗಿದೆ" ಅಂದರು ಇವರು. "ಗ್ಲೌಸಿನ ಚರ್ಮ ಬೆವರು ಹಿಡಿದು ಒಣಗಿದ್ರೆ ಮುದುಡುತ್ತೆ ಸಾರ್, ಹಿಗ್ಗಲ್ಲ. ಆ ನೂರನಲವತ್ತೆರಡು ನಿಮ್ಮ ದೂರ ಅಲ್ಲ, ಕೋಲಿನ ದೂರ. ಮೊದಲು ಕೈ ತೋರಿಸ್ಕೊಂಡು ಬನ್ನಿ, ಸೆಟ್ ಎಲ್ಲಿಗೂ ಹೋಗಲ್ಲ." ವ್ಯಾಪಾರ ಬೇಡವೆನ್ನುವ ಅಂಗಡಿಯವನನ್ನು ಮೊದಲ ಸಲ ನೋಡಿದೆ ಎಂದು ನಾನೇ ತಮಾಷೆ ಮಾಡಿದೆ. ದೂರದ ಸೆಟ್ಟನ್ನೇ ತಂದೆವು. ನಾನೇ ಒತ್ತಾಯ ಮಾಡಿದೆ, ಅಕ್ಕಾ.

ಮನೆಗೆ ಬಂದು ಪೆಟ್ಟಿಗೆಯ ಟೇಪು ಕೀಳಲು ಇವರಿಗೆ ಆಗಲಿಲ್ಲ. ನಗುತ್ತಾ ನನ್ನತ್ತ ತಳ್ಳಿದರು. ಅಂಗಿಯ ಗುಂಡಿಯನ್ನೂ ಹೀಗೇ ನಗುತ್ತಾ ನನ್ನಿಂದ ಹಾಕಿಸಿಕೊಳ್ಳುತ್ತಾರೆ. ಅದು ಪ್ರೀತಿ ಎಂದುಕೊಂಡು ದಿನವೂ ಉಬ್ಬುತ್ತಿದ್ದೆ. ಅತ್ತೆ ಬಂದು, "ಹಳೇದಕ್ಕೆ ಏನಾಗಿತ್ತು?" ಎಂದರು. ದೂರ ಹೋಗ್ತಿರಲಿಲ್ಲ ಅತ್ತೆ, ಎಂದೆ. ಅವರು ಪೆಟ್ಟಿಗೆಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಅಮ್ಮನಿಗೂ ಅಜ್ಜಿಗೂ ನಾನು ಸುಖವಾಗಿದ್ದೇನೆ ಎಂದೇ ಹೇಳು. ಭಾವನಿಗೆ ನಮಸ್ಕಾರ, ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು.

ನಿನ್ನ,
ಗುಬ್ಬಿ

ಮರೆತಿದ್ದೆ: ನಿಮ್ಮ ದೊಡ್ಡ ಡಾಕ್ಟರು ಈ ವಾರವೇ ಇವರನ್ನು ನೋಡುವಂತೆ ಮಾಡು. ಕೈ ತೋರಿಸಲು ಎಂದರೆ ಬರುವುದಿಲ್ಲ; ಹೊಸ ಕೋಲು ಬಂದಮೇಲೆ ಕೈ ಸರಿಹೋಯಿತು ಎನ್ನುತ್ತಿದ್ದಾರೆ. ಭಾವ ಆಟಕ್ಕೆ ಕರೆದ ಹಾಗೆ ಕರೆಯಲಿ. ನಕಾಶೆ ಬರೆಯುತ್ತಿದ್ದ ಮಾವ ಹೋಗಿ ಒಂಬತ್ತು ವರ್ಷವಾಯಿತು, ಅತ್ತೆ ಇವತ್ತು ಬಾಯಿಬಿಟ್ಟರು: "ಇವನಪ್ಪನೂ ಹೀಗೇ, ಮೊದಲು ಪೆನ್ನು ಬದಲಾಯಿಸಿದ್ರು. ಆಮೇಲೆ ಚಮಚ. ಎರಡನೇ ವರ್ಷ ಬದಲಾಯಿಸೋಕೆ ಏನೂ ಉಳೀಲಿಲ್ಲ." ಅವತ್ತು ಅಜ್ಜಿಯ "ಯಾವ ಕೈ?" ಎಂಬ ಪ್ರಶ್ನೆಗೆ ನಕ್ಕೆವೇ ಹೊರತು ಯಾರೂ ಉತ್ತರ ಕೊಡಲಿಲ್ಲ. ಎಡಗೈ, ಅಕ್ಕಾ.