ಬಾಗಿಲಿನಿಂದಲೇ ಒಳಗೆ ಬನ್ನಿ

ಕೊಪ್ಪ
೧೯ ಮೇ ೨೦೨೪

ನನ್ನ ಮುಂಗೋಪಿ ಯಜಮಾನರಿಗೆ, ಅಸ್ಸಲಾಮು ಅಲೈಕುಂ.

ವಾಟ್ಸಾಪ್ ಇರುವಾಗ ಮಸ್ಕತ್ತಿಗೆ ಕಾಗದ ಬರೆಯುವ ಹುಚ್ಚೇಕೆ ಇವಳಿಗೆ ಎನ್ನಬೇಡಿ. ಫೋನಿನಲ್ಲಿ ಹೇಳಹೊರಟರೆ ಅರ್ಧದಲ್ಲೇ "ಆ ಬಾಗಿಲು ತೆಗೆಸಿದ್ರಾ?" ಎಂದು ಬಾಯಿ ಹಾಕುತ್ತೀರಿ. ಡಿಸೆಂಬರಿನಲ್ಲಿ ರಜೆಗೆ ಬಂದಾಗ ನಮ್ಮ ಮನೆಯ ಆ ಮುಂಬಾಗಿಲು ನಿಮ್ಮ ಹಣೆಗೆ ಬಡಿದಾಗಿನಿಂದ ನೀವೂ ನಿಮ್ಮ ಅಮ್ಮಿಯೂ ಮಾತು ಬಿಟ್ಟು ಐದು ತಿಂಗಳಾಯಿತು. ಗಿಡ್ಡ ಬಾಗಿಲು, ತೆಗೆಸಿ ಎತ್ತರದ್ದು ಹಾಕಿಸುತ್ತೇನೆ ಎಂದು ನೀವು. ನಾನು ಸತ್ತ ಮೇಲೆ ತೆಗಿ ಎಂದು ಅವರು. ಇಬ್ಬರ ನಡುವೆ ಸಾಕಾಗಿದೆ ನನಗೆ. ಅದಕ್ಕೇ ಇದನ್ನು ಪೂರ್ತಿ ಓದಿ.

ನನ್ನ ತಮ್ಮನ ಮದುವೆ ಮುಗಿಯಿತಲ್ಲ, ನಿಮ್ಮ ಮುದ್ದಿನ ಮಗಳು ನೂರಿಯನ್ನು ಎಲ್ಲಾದರೂ ತಿರುಗಾಡಿಸೋಣವೆಂದು ನಿನ್ನೆ ಜಮಾಲ್ ಮಾವನ ಜೀಪು ಕರೆಸಿದೆ. ಶೃಂಗೇರಿಯ ಮೀನು ನೋಡಿಯಾಗಿದೆ, ಕಿಗ್ಗದ ಕಡೆಯ ಜಲಪಾತದಲ್ಲಿ ನೀರಿಲ್ಲ. ಎಲ್ಲಿಗೆ ಎಂದು ಯೋಚಿಸುವಾಗ, ಯಾವತ್ತೂ ಇಂಥ ಕಡೆ ಹೋಗೋಣವೆನ್ನದ ಅಮ್ಮಿ, "ನರಸಿಂಹರಾಜಪುರಕ್ಕೆ ಹೋಗುವ. ಈ ಸಲ ಡ್ಯಾಮಿನ ಹಿನ್ನೀರು ತಳ ಕಂಡಿದೆಯಂತೆ" ಎಂದರು.

ಪ್ರತಿ ಡಿಸೆಂಬರಿನಲ್ಲಿ ನಾವು ಅಲ್ಲಿ ದೋಣಿ ಹತ್ತುತ್ತಿದ್ದೆವಲ್ಲ? ಅಮ್ಮಿ ಮಾತ್ರ ದಡದಲ್ಲಿ ಬಿರಿಯಾನಿ ಡಬ್ಬಿ ಕಾಯುತ್ತಾ ಕೂರುತ್ತಿದ್ದರು; ನೀರಿಗೆ ಹೆದರುತ್ತಾರೆಂದು ನೀವು ನಗುತ್ತಿದ್ದಿರಿ. ಈಗ ಆ ನೀರೇ ಇಲ್ಲ. ಕಣ್ಣು ಹಾಯುವಷ್ಟೂ ಬಿರುಕು ಬಿಟ್ಟ ಕೆಸರು, ಕರಿ ಹಿಡಿದ ಮರದ ಬೊಡ್ಡೆಗಳು. ಮಂಡಿನೋವೆಂದು ನಾಲ್ಕು ಮೆಟ್ಟಿಲು ಹತ್ತದ ಅಮ್ಮಿ ಸೀರೆ ಎತ್ತಿ ಸಿಕ್ಕಿಸಿಕೊಂಡು ನಮಗಿಂತ ಮುಂದೆ ನಡೆದರು, ಯಾರಲ್ಲೂ ದಾರಿ ಕೇಳದೆ! ಕೊನೆಗೆ ಒಂದು ಕಡೆ ನಿಂತರು. ಗೇಣೆತ್ತರದ ಗೋಡೆಯ ಗುರುತು, ನಡುವೆ ನೆಲದಲ್ಲಿ ಹುಗಿದ ಒರಳುಕಲ್ಲು.

ನೂರಿ ಓಡಿಹೋಗಿ ಗೋಡೆ ಹಾರಿದಳು. "ಏ ನೂರಿ! ನಮ್ಮನೆಗೆ ಬಾಗ್ಲಿಲ್ವೇನೇ? ಗೋಡೆ ಹಾರ್ತಾರಾ ಮಾರಾಯ್ತಿ?" ಎಂದು ಅಮ್ಮಿ ಗದರಿದರು.

ಅದು ಅವರು ಹುಟ್ಟಿದ ಮನೆ. ಡ್ಯಾಮು ತುಂಬಿ ಊರು ಮುಳುಗಿದಾಗ ಅವರಿಗೆ ಹತ್ತು ವರ್ಷವಂತೆ. ಯಾ ಅಲ್ಲಾಹ್, ಇಷ್ಟು ವರ್ಷ ನಾವು ದೋಣಿ ಬಿಟ್ಟದ್ದು ಅವರ ಅಡುಗೆಮನೆಯ ಮೇಲೆ!

ಎಲ್ಲರೂ ಸುತ್ತಿ ಬಂದು, ಚಪ್ಪಲಿ ಬಿಟ್ಟು, ಹೊಸ್ತಿಲ ಕಲ್ಲು ದಾಟಿದೆವು. ನಮ್ಮ ಮನೆಯ ಬಾಗಿಲಲ್ಲಿ ಎಲ್ಲರಿಗೂ ಹೇಳುವಂತೆಯೇ ಅಮ್ಮಿ "ತಲೆ, ತಲೆ!" ಎಂದರು. ಆರಡಿಯ ಜಮಾಲ್ ಮಾವ ಆ ಬಯಲಲ್ಲಿ ತಲೆ ಬಗ್ಗಿಸಿದರು. ನಾನೂ ಬಗ್ಗಿಸಿದೆ. ಯಾರೂ ನಗಲಿಲ್ಲ.

ಹೊಸ್ತಿಲಲ್ಲಿ ಕದಗಳು ತಿರುಗುವ ಎರಡು ಗುಳಿ. ಎಡದ್ದು ಸವೆದು ಅಗಲವಾಗಿತ್ತು. ಅಮ್ಮಿ ಅದರಲ್ಲಿ ಬೆರಳಿಟ್ಟು, "ಜೋತಾಡಿ ಜೋತಾಡಿ ನಾವೇ ಹಾಳ್ಮಾಡಿದ್ದು" ಎಂದರು. ನಮ್ಮ ಮನೆಯ ಬಾಗಿಲಿನ ಎಡದ ಕದ ಇವತ್ತಿಗೂ ಜೋತೇ ನಿಲ್ಲುತ್ತದೆ, ನೂರಿ ಅದರ ಮೇಲೆ ಜೋಕಾಲಿಯಾಡುತ್ತಾಳೆ, ಅಲ್ಲವೇ? ಊರು ಬಿಡುವಾಗ ಅವರ ಅಬ್ಬಾ ಗಾಡಿಗೆ ಹೇರಿ ಕೊಪ್ಪಕ್ಕೆ, ಈಗಿನ ನಮ್ಮ ಮನೆಗೆ, ತಂದದ್ದು ಆ ಬಾಗಿಲೊಂದನ್ನೇ.

ಯಾಕೆ ಹೇಳಲಿಲ್ಲ ಅಮ್ಮಿ ಎಂದು ಕೇಳಿದೆ. "ನೀರು ತೋರ್ಸಿ ಇದು ನಮ್ಮನೆ ಅಂದ್ರೆ ನೀವು ಎಂತ ನೋಡ್ತಿದ್ರಿ?" ಎಂದರು. ಆ ಬಾಗಿಲು ಬದಲಿಸಿ ಎಂದು ಮೊದಲು ನಿಮ್ಮ ಕಿವಿ ಕಚ್ಚಿದವಳು ನಾನೇ. ನಾಚಿಕೆಯಾಗುತ್ತದೆ.

ಓದಿದ ಕೂಡಲೇ ಅವರಿಗೆ ಫೋನ್ ಮಾಡಿ. ನನಗಲ್ಲ, ಅವರಿಗೆ.

ನಿಮ್ಮ
ಅರ್ಶಿಯಾ

ತಾ.ಕ.: ಒಂದು ಮಾತು ಮುಚ್ಚಿಟ್ಟಿದ್ದೆ. ಬರುವಾಗ ಜೀಪಿನಲ್ಲಿ ಅಮ್ಮಿ, "ನೋಡಿಯಾಯ್ತು. ಇನ್ನು ಬೇಕಾದ್ರೆ ತೆಗೆಸ್ಲಿ ಅಂತ ನೌಶಾದನಿಗೆ ಹೇಳು, ಅವನ ಹಣೆಗಿಂತ ಆ ಬಾಗ್ಲು ಹೆಚ್ಚಾ ನಂಗೆ?" ಎಂದರು. ಇವತ್ತು ಬಡಗಿ ಸುಂದರೇಶ್ ಹೊಸ ಬಾಗಿಲಿನ ಅಳತೆಗೆ ಬಂದಿದ್ದರು. ನಾನೇ ವಾಪಸ್ ಕಳಿಸಿದೆ. ಬಕ್ರೀದಿಗೆ ಬರುವಾಗ ತಲೆ ಬಗ್ಗಿಸಿಕೊಂಡು ಬನ್ನಿ.