ಅಮ್ಮನ ಬಾಯಿಯ ಹತ್ತಿ

ಫ್ರೇ
ಡಿಸೆಂಬರ್ ೧೨

ಪ್ರೀತಿಯ ತಂಗಿ ಕನ್ಲಯಾಳಿಗೆ,

ನಿನ್ನ ಅಕ್ಕ ಮಾಡುವ ಆಶೀರ್ವಾದಗಳು. ನಾವಿಲ್ಲಿ ಹೇಗೋ ಇದ್ದೇವೆ. ನೀನು ಫೋನು ಮಾಡಿ ತಿಂಗಳಾಗುತ್ತ ಬಂತು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನೀನು ನನ್ನ ಮಾತು ಮುಗಿಸಲು ಬಿಡುವುದಿಲ್ಲ, ಕಾಗದವಾದರೆ ನೀನು ನಡುವೆ ಬಾಯಿ ಹಾಕಲಾರೆ. ಆದರೆ ಬರೆಯಲು ಕೂತಾಗಲೆಲ್ಲ ಅಮ್ಮ ಕರೆಯುತ್ತಾಳೆ. ಕರೆದದ್ದೇಕೆಂದು ಅವಳಿಗೆ ಗೊತ್ತಿರುವುದಿಲ್ಲ. ಹೋಗಿ ಬರುವಷ್ಟರಲ್ಲಿ ಏನು ಬರೆಯುತ್ತಿದ್ದೆನೆಂದು ನನಗೂ ಗೊತ್ತಿರುವುದಿಲ್ಲ.

ಚಳಿ ಜೋರಾಗಿದೆ. ಅಮ್ಮನಿಗೆ ಅವಳೇ ಬಣ್ಣ ಹಾಕಿದ ನೀಲಿ ಅಂಗಿಗಳನ್ನು ಒಂದರ ಮೇಲೊಂದು ತೊಡಿಸುತ್ತೇನೆ. ನಿನ್ನೆ ಬಟ್ಟೆಗೆ ಬಣ್ಣ ಹಾಕುವ ನೀಲಿಯ ಗಡಿಗೆಗೆ ಕೈ ಅದ್ದಿ, "ಹದ ಬಂದಿಲ್ಲ ಕಣೇ, ಸುಣ್ಣ ಸಾಲ್ದು," ಎಂದಳು. ನೋಡಿದರೆ ನಿಜವಾಗಿಯೂ ಸಾಲದಾಗಿತ್ತು. ನನ್ನ ಹೆಸರು ಮರೆತಿದ್ದಾಳೆ, ನೀಲಿಯ ಹದ ಮರೆತಿಲ್ಲ. ನನ್ನನ್ನು "ಅಡುಗೆಯವಳೇ" ಎಂದು ಕರೆಯುತ್ತಾಳೆ. ಓಗೊಡುವುದು ರೂಢಿಯಾಗಿಬಿಟ್ಟಿದೆ.

ಅಮ್ಮನ ಎಂಜಲು ಪರೀಕ್ಷೆಗೆಂದು ನಿನ್ನ ಪ್ರಯೋಗಾಲಯದಿಂದ ನೀನು ಕಳಿಸಿದ ಹತ್ತಿಯ ಸುರುಳಿಗಳ ಕಥೆ ಕೇಳು. ಎದ್ದ ಕೂಡಲೇ, ಬಾಯಿ ತೊಳೆಯುವ ಮೊದಲೇ ಅಗಿಸಬೇಕು ಎಂದಿದ್ದೆಯಲ್ಲ? ಎದ್ದ ಕೂಡಲೇ ಅಮ್ಮನ ದವಡೆಗೆ ಬೇಕಾದದ್ದು ಮಿಯಾಂಗ್. ಉಪ್ಪು, ಶುಂಠಿ ಇಟ್ಟು ಮಡಿಸಿದ ಹುಳಿ ಚಹಾ ಎಲೆಯಿಲ್ಲದೆ ಅವಳು ಯಾವತ್ತು ಕಣ್ಣು ಬಿಟ್ಟಿದ್ದಾಳೆ! ಹತ್ತಿ ಬಾಯಿಗಿಟ್ಟೆ. ಥೂ ಎಂದು ಉಗಿದು, "ಉಪ್ಪಿಲ್ಲ, ಶುಂಠಿಯಿಲ್ಲ, ಯಾವ ದರಿದ್ರದೋಳು ಮಡಿಸಿದ್ದು ಇದನ್ನ?" ಎಂದಳು. ನಕ್ಕೂ ನಕ್ಕೂ ನನಗೆ ಕಣ್ಣಲ್ಲಿ ನೀರು ಬಂತು.

ಈಗ ನೀನು ಫೋನಿನಲ್ಲಿ ಹೇಳಿದ ವಿಷಯ. ಅಮ್ಮನ ಎಂಜಲಿನಲ್ಲಿ ಒತ್ತಡದ ಹಾರ್ಮೋನು ವಿಪರೀತ ಇದೆ ಎಂದೆ. "ಅಕ್ಕಾ, ರಕ್ತದಲ್ಲಿ ಒಂದು ಪ್ರೋಟೀನು ಅದನ್ನ ಹಿಡಿದು ಕಟ್ಟಿಹಾಕಿರುತ್ತೆ. ಕಟ್ಟಿಲ್ಲದೆ ಓಡಾಡೋದು ಮಾತ್ರ ಎಂಜಲಿಗೆ ಬರೋದು. ಮಿದುಳಿಗೆ ನುಗ್ಗೋದೂ ಅದೇ. ವರ್ಷಗಟ್ಲೆ ಹೀಗೇ ಇದ್ರೆ ನೆನಪಿನ ಜಾಗಾನೇ ಸವೆದುಹೋಗುತ್ತೇನೋ ಅಂತ ನಮ್ಮ ಅನುಮಾನ," ಎಂದು ವಿವರಿಸಿದೆ. ಅಷ್ಟು ನನಗೆ ಅರ್ಥವಾಯಿತು. ಹಗ್ಗ ಬಿಚ್ಚಿಕೊಂಡ ಎಮ್ಮೆ ಗದ್ದೆಗೆ ನುಗ್ಗಿದ ಹಾಗೆ. ಆಮೇಲೆ ನೀನಂದದ್ದು ಮಾತ್ರ ಇನ್ನೂ ಅರಗಿಲ್ಲ: "ಅಮ್ಮ ಹೊರಗೆ ನಗ್ತಾಳೆ, ಒಳಗೆ ಬೇಯ್ತಿದ್ದಾಳೆ. ಆ ಮನೆ ಅವಳಿಗೆ ಆಗ್ತಿಲ್ಲ. ಜನವರಿಯಲ್ಲಿ ಬಂದು ಚಿಯಾಂಗ್ ಮೈಗೆ ಕರ್ಕೊಂಡು ಬರ್ತೀನಿ. ಇಲ್ಲಿ ಆರೈಕೆ ಕೇಂದ್ರದಲ್ಲಿ ಜಾಗ ಹೇಳಿಟ್ಟಿದ್ದೀನಿ."

ಬೇಡ ಕಣೇ. ಆ ನೀಲಿ ಗಡಿಗೆಯ ವಾಸನೆ ಬಿಟ್ಟರೆ ಅವಳಿಗೆ ಗುರುತು ಹತ್ತುವುದು ಇನ್ನೇನೂ ಉಳಿದಿಲ್ಲ. ಪಕ್ಕದ ಮನೆಯ ಖಾಮ್ಪನ್ ಮಾವ ಬಂದು, "ಅತ್ತಿಗೇ, ಇವತ್ತು ನಾನ್ಯಾರು?" ಎಂದರೆ, "ನನ್ನ ಹುಂಜ ಕದ್ದೋನು!" ಎಂದು ಕೋಲೆತ್ತುತ್ತಾಳೆ. ಆಮೇಲೆ ಇಬ್ಬರೂ ನಗುತ್ತಾರೆ. ಒಳಗೆ ಬೇಯುವವರು ಹಾಗೆ ನಗುತ್ತಾರೆಯೇ?

ಮೊನ್ನೆ ಭಿಕ್ಷುಗಳು ಮಂತ್ರಿಸಿದ ಬಿಳಿ ದಾರ ತಂದು ಅಮ್ಮನ ಮಣಿಕಟ್ಟಿಗೆ ಕಟ್ಟಿದೆ. ಅಲೆಯುವ ಜೀವ ಮೈಬಿಟ್ಟು ಎಲ್ಲೋ ಹೋಗದಿರಲಿ ಎಂದು ಚಿಕ್ಕಂದಿನಲ್ಲಿ ಅವಳೇ ನಮಗೆ ಕಟ್ಟುತ್ತಿದ್ದಳಲ್ಲ. ನಿನಗೂ ಒಂದು ಎಳೆ ಈ ಕಾಗದದಲ್ಲಿ ಇಟ್ಟಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಬುದ್ಧನ ಕರುಣೆ ನಿನ್ನ ಮೇಲಿರಲಿ.

ನಿನ್ನ ಅಕ್ಕ,
ಬುನ್‌ರುವನ್

ತಾ.ಕ.: ಹತ್ತಿಯ ಕಥೆಯನ್ನು ಅರ್ಧಕ್ಕೇ ಬಿಟ್ಟೆ. ಅಮ್ಮ ಉಗಿದ ಮೇಲೆ, ನಿನ್ನ ಕೆಲಸ ಕೆಡಬಾರದೆಂದು ಇನ್ನೊಂದು ಸುರುಳಿ ತೆಗೆದು ನಾನೇ ಅಗಿದು, ಅಮ್ಮನ ಹೆಸರಿನ ನಳಿಕೆಗೆ ಹಾಕಿದೆ. ಉಳಿದ ಬೆಳಗುಗಳಲ್ಲೂ ಅಷ್ಟೇ. ಯಾರ ಎಂಜಲಾದರೇನು, ಒಂದೇ ರಕ್ತವಲ್ಲವೇ ಎಂದುಕೊಂಡಿದ್ದೆ. ಅಮ್ಮ ಬೇಯುತ್ತಿಲ್ಲ, ಕನ್ಲಯಾ. ಒಲೆಯ ಮೇಲೆ ಅನ್ನ ಇಟ್ಟು ಮರೆಯುವವಳು ನಾನು. ಮೇಲೆ ನಿನ್ನ ಹೆಸರು ಬರೆಯುವಾಗ ಕೂಡ ಸ್ವಲ್ಪ ಹೊತ್ತು ಯೋಚಿಸಬೇಕಾಯಿತು. ಅಮ್ಮನನ್ನು ಅಲ್ಲಿಗೆ ಒಯ್ಯಬೇಡ, ನೀನೇ ಬಾ. ದಾರವನ್ನು ಹಿರಿಯರೇ ಕಟ್ಟಬೇಕೆನ್ನುವುದು ಪದ್ಧತಿ. ಅಮ್ಮನ ಬೆರಳಿಗೆ ಈಗ ಗಂಟು ಹಾಕಲು ಬರುವುದಿಲ್ಲ. ಆ ಎಳೆಯನ್ನು ವಾಪಸು ತಂದು ನನ್ನ ಕೈಗೆ ನೀನೇ ಕಟ್ಟು.