ಕಾರ್ ಪಾರ್ಕಿನ ಟೀ ಹೊತ್ತು

ಗಾಲ್ವೇ
14 ನವೆಂಬರ್ 2020, ಶನಿವಾರ

ಪ್ರೀತಿಯ ಅರ್ಪಿತಾ,

ಮೊದಲು ಸುದ್ದಿ. ಟೀಮ್ ಲೀಡ್ ಕೆಲಸ ನನಗೇ ಖಾಯಂ ಆಯಿತು ಕಣೇ. ನಿನ್ನೆ ನಮ್ಮ ಮ್ಯಾನೇಜರ್ ಮೇವ್ ಕರೆದು ಹೇಳಿದಳು. ಆಮೇಲೆ ಬಸ್ ಸ್ಟಾಪಿನಲ್ಲಿ ಕೂತಿದ್ದ ನನ್ನ ಮುಂದೆಯೇ ಬಸ್ ಬಂದು ಹೋದದ್ದೂ ಗೊತ್ತಾಗಲಿಲ್ಲ.

ಫೋನಿನಲ್ಲಿ ನಿನಗೆ ಇಲ್ಲಿಯವರ ಹಾಗೆ ಎಲ್ಲಾ ಗ್ರ್ಯಾಂಡ್, ಚೆನ್ನಾಗೇ ಇದೆ ಅಂತಲೇ ಹೇಳುತ್ತಿದ್ದೆ. ಹಾಗೇನೂ ಇರಲಿಲ್ಲ. ನನ್ನ ಹಳೇ ಹುದ್ದೆಯನ್ನೇ ತೆಗೆದುಹಾಕಿದ್ದರು. ಇದು ಕೈತಪ್ಪಿದ್ದರೆ ಕೆಲಸವೂ ಇಲ್ಲ, ವರ್ಕ್ ಪರ್ಮಿಟ್ಟೂ ಇಲ್ಲ.

ಬೇಸಿಗೆಯಲ್ಲಿ ಡೆಕ್ಲನ್ ಬಿಟ್ಟುಹೋದ ಮೇಲೆ, ಆರು ತಿಂಗಳು ನೋಡೋಣ ಅಂತ ಅವನ ಜಾಗಕ್ಕೆ ನನ್ನನ್ನು ಹಾಕಿದರು. ಅವನು ಶಿಫ್ಟ್ ಶುರುವಾಗುವಾಗ ಎಲ್ಲರೆದುರು ನಿಂತು, ಇಲ್ಲಿಯವರಿಗೆ ಹುಚ್ಚು ಹಿಡಿಸುವ ಹರ್ಲಿಂಗ್ ಆಟದ ಬಗ್ಗೆ ಜೋಕ್ ಹೊಡೆದು, ದೊಡ್ಡ ಗಂಟಲಿನಲ್ಲಿ ಕೆಲಸ ಹೇಳುತ್ತಿದ್ದ. ನಾನೂ ಹಾಗೇ ಮಾಡಬೇಕು ಅಂದುಕೊಂಡೆ. ಹರ್ಲಿಂಗ್ ಬಗ್ಗೆ ಓದಿಕೊಂಡು ಹೋಗಿ, ಗೆದ್ದವರನ್ನು ಸೋತವರು ಅಂದುಬಿಟ್ಟೆ. ಮಾಸ್ಕ್ ಹಾಕಿದ್ದರೂ ಯಾರೂ ನಗುತ್ತಿಲ್ಲ ಅನ್ನುವುದು ತಿಳಿಯುತ್ತಿತ್ತು. ನಿನ್ನ ವೀಕ್‌ನೆಸ್ ಮೊದಲು ಸರಿಮಾಡ್ಕೊ ಅಂತ ನೀನು ಹೇಳಿದ ಭಾಷಣದ ಕೋರ್ಸೂ ಮುಗಿಸಿದೆ. ಕೋರ್ಸ್ ಮುಗಿಯಿತು, ನಡುಕ ಹಾಗೇ ಉಳಿಯಿತು.

ನಾವು ಮಾಡುವುದು ಉಸಿರಾಟದ ಯಂತ್ರಗಳ ಕೊಳವೆ. ನಮ್ಮ ಟೀಮಿನ ತಪಾಸಣೆ ದಾಟಿದ ದೋಷಗಳು ಮುಂದಿನ ತಪಾಸಣೆಯಲ್ಲಿ ಸಿಕ್ಕಿಬೀಳತೊಡಗಿದವು. ಹೀಗೇ ಆದರೆ ಬೇರೆಯವರನ್ನು ನೋಡಬೇಕಾಗುತ್ತದೆ ಅಂದಳು ಮೇವ್. ಆಮೇಲೆ, ಡೆಕ್ಲನ್ ಕಥೆ ಬಿಡು, ನಿನಗೆ ಯಾವುದು ಸಲೀಸು, ಅದು ಹೇಳು ಅಂದಳು. ಗುಂಪಿನೆದುರು ಆಗಲ್ಲ, ಒಬ್ಬೊಬ್ಬರ ಹತ್ತಿರವಾದರೆ ಎಷ್ಟು ಬೇಕಾದರೂ ಮಾತಾಡ್ತೀನಿ ಅಂದೆ. ಹಾಗಾದರೆ ಅದನ್ನೇ ಮಾಡು, ಇಷ್ಟು ದಿನ ಯಾಕೆ ಮಾಡಲಿಲ್ಲ ಅಂತ ನನ್ನನ್ನೇ ಕೇಳಿದಳು!

ಕೋವಿಡ್‌ನಿಂದಾಗಿ ಕ್ಯಾಂಟೀನಿಗೆ ಬೀಗ. ಟೀ ಹೊತ್ತಿನಲ್ಲಿ ಎಲ್ಲರೂ ಅವರವರ ಕಾರಿನಲ್ಲಿ ಕೂತು ಕುಡಿಯುತ್ತಾರೆ. ಕಾರಿಲ್ಲದ ನಾನು ಫ್ಲಾಸ್ಕ್ ಹಿಡಿದು, ಕಾರಿನಿಂದ ಕಾರಿಗೆ ಹೋಗಿ, ದೂರ ನಿಂತು ಮಾತಾಡಿಸತೊಡಗಿದೆ. ಮೊದಲ ದಿನ ಪಾಡ್ರಿಗ್ ಕಿಟಕಿ ಇಳಿಸಿ, ಏನಮ್ಮಾ, ಪಾರ್ಕಿಂಗ್ ದಂಡ ಹಾಕೋಕೆ ಬಂದ್ಯಾ ಅಂತ ರೇಗಿಸಿದರು. ತಪಾಸಣೆಯ ಕೆಲಸ ಅವರದೇ, ನಮ್ಮಪ್ಪನ ವಯಸ್ಸು. ಆ ವಾರದ ಕೊನೆಗೆ ಅವರೇ ಬಾಯಿಬಿಟ್ಟರು. ಮಾಸ್ಕಿನಿಂದ ಕನ್ನಡಕಕ್ಕೆ ಆವಿ ಕಟ್ಟಿ, ಮೈಕ್ರೋಸ್ಕೋಪಿನಲ್ಲಿ ಅರ್ಧವೂ ಕಾಣುವುದಿಲ್ಲವಂತೆ. ದಿನಾ ಬೆಳಿಗ್ಗೆ ಯಾರಿಗಾದರೂ ತೊಂದರೆ ಇದೆಯಾ ಅಂತ ಕೇಳುತ್ತಿದ್ದೆನಲ್ಲ, ಯಾಕೆ ಹೇಳಲಿಲ್ಲ ಅಂದೆ. ಅಷ್ಟು ಜನರ ಮುಂದೆ ಕಣ್ಣು ಕಾಣಲ್ಲ ಅಂತ ಯಾರಮ್ಮಾ ಹೇಳ್ತಾರೆ ಅಂದರು.

ಅವರ ಕೈ ಬಹಳ ಸ್ಥಿರ, ಮೈಕ್ರೋಸ್ಕೋಪ್ ಬೇಡದ ಜೋಡಣೆಗೆ ಹಾಕಿದೆ. ಪ್ಯಾಕಿಂಗಿನಲ್ಲಿ ಬೇಸತ್ತಿದ್ದ ಚುರುಕು ಕಣ್ಣಿನ ಹುಡುಗಿಯನ್ನು ತಪಾಸಣೆಗೆ ತಂದೆ. ಬೆಳಗಿನ ಭಾಷಣವನ್ನೂ ಪಾಡ್ರಿಗ್‌ಗೇ ಒಪ್ಪಿಸಿದೆ. ಅವರ ಮಾತು ನಿಲ್ಲಿಸುವುದೇ ಕಷ್ಟ ಈಗ. ದೋಷಗಳು ಕಡಿಮೆಯಾಗಿವೆ. ನಾನು ಈಗಲೂ ಗುಂಪಿನೆದುರು ನಡುಗುತ್ತೇನೆ, ಆದರೆ ಅದಕ್ಕೆ ಹೆದರುವುದು ಬಿಟ್ಟಿದ್ದೇನೆ.

ಅಲ್ಲಿ ನಿಮ್ಮೂರು ಕ್ಲಾಂಡಾಲ್ಕಿನ್‌ನಲ್ಲಿ ಹುಷಾರಾಗಿರು. ಲಾಕ್‌ಡೌನ್ ಮುಗಿದ ಮರುದಿನವೇ ಬರುತ್ತೇನೆ.

ನಿರಾಳವಾಗಿ ಉಸಿರಾಡುತ್ತಿರುವ
ಭಾನುಮತಿ

ಮರೆಯುವ ಮುಂಚೆ: ತೇವ ಜಾಸ್ತಿ ಅಂತ ರೂಮು ಬಿಡುತ್ತಿದ್ದೇನೆ ಎಂದಿದ್ದೆನಲ್ಲ, ಸುಳ್ಳು. ಹೋದ ತಿಂಗಳು ಕೆಲಸ ಹೋದಂತೆಯೇ ಅಂದುಕೊಂಡು, ಮೈಸೂರಿಗೆ ವಾಪಸಾಗಲು ಮಾಲೀಕರಿಗೆ ನೋಟಿಸ್ ಕೊಟ್ಟಿದ್ದೆ. ಅವರು ರೂಮನ್ನಾಗಲೇ ಬೇರೆಯವರಿಗೆ ಕೊಟ್ಟಾಗಿದೆ. ನಿನ್ನೆ ಪಾಡ್ರಿಗ್ ಮುಂದೆ, ಉಳಿಯೋದೇನೋ ಆಯ್ತು, ಇರೋಕೆ ಜಾಗವಿಲ್ಲ ಅಂತ ಅತ್ತೇಬಿಟ್ಟೆ. ಅವರ ಮಗಳು ಆಸ್ಟ್ರೇಲಿಯಾದಲ್ಲಿ ಸಿಕ್ಕಿಕೊಂಡಿದ್ದಾಳೆ, ಅವಳ ರೂಮು ಖಾಲಿ. ಅದನ್ನು ನನಗೆ ಕೊಡಲು ಅವರ ಹೆಂಡತಿಯೂ ಒಪ್ಪಿದ್ದಾರಂತೆ. ಇನ್ನು ಮೇಲೆ ಹಳೇ ವಿಳಾಸಕ್ಕೆ ಬರೆಯಬೇಡ, ಹೊಸದನ್ನು ಫೋನಿನಲ್ಲಿ ಹೇಳುತ್ತೇನೆ.